ಅತ್ತರಿನ ಉಗ್ರಾಣದ ಮೂರು ಕಾವಲು

ಕೂತ್ಕೊಳ್ಳಿ. ಹೂಂಗುಟ್ಟೋರು ಮುಂದೆ ಬನ್ನಿ, ಆಕಳಿಸೋರು ಗೋಡೆ ಕಡೆ ಸರೀರಿ.

ಘಮಲಾಪುರ ಅಂತ ಒಂದು ರಾಜ್ಯ. ಅಲ್ಲಿ ಸಿರಿಯವ್ವ ಅಂತ ಅತ್ತರು ಮಾರೋ ಯಜಮಾನಿ ಇದ್ಳು. ಅವಳ ಉಗ್ರಾಣದ ಬಾಗಿಲು ಬೀದಿಗೇ ಇತ್ತು. ಇಪ್ಪತ್ತೆರಡು ವರ್ಷದಿಂದ ಅದನ್ನ ಕಾಯ್ತಿದ್ದೋನು ಜಟ್ಟೆಪ್ಪ. ಒಳಗಿನ ಕಾರುಬಾರು ನೋಡ್ಕೊಳ್ತಿದ್ದೋನು ಪಾರುಪತ್ತೇಗಾರ ತಿಮ್ಮರಸ. ಮಾತು ಬಲು ಸಿಹಿ, ಆಸಾಮಿ ಅಲ್ಲ.

ವ್ಯಾಪಾರ ಬೆಳೀತು. ಸಿರಿಯವ್ವ ಮೂರು ಪಟ್ಟಣದಿಂದ ಮೂರು ಕರೆಂಟಿನ ಕಾವಲು ತರಿಸಿದ್ಳು. ಗುಟ್ಟಿನ ಅಂಕಿ ಒತ್ತಿದ್ರೆ ತೆರೆಯೋ ಬಾಗಿಲು ಒಂದು. ಭರಣಿ ಎತ್ತಿದ್ರೆ ತಿಳ್ಕೊಳ್ಳೋ ಹಲಗೆ ಒಂದು. ಬಾಗಿಲ ಮೇಲೆ ಕೂತು ನೋಡೋ ಕಣ್ಣು ಒಂದು. ಮೂರಕ್ಕೂ ಬೇರೆ ಬೇರೆ ಗಡಿಯಾರ. ಒಂದಕ್ಕೊಂದು ಮಾತಿಲ್ಲ. ಯಂತ್ರ ಮಾತಾಡುತ್ತಾ ಅಂತ ಕೇಳ್ಬೇಡಿ, ನನ್ನ ಕಥೇಲಿ ಮಾತಾಡುತ್ತೆ.

ಅರಮನೆಯಲ್ಲಿ ಮಧ್ಯಾಹ್ನ ಹನ್ನೆರಡರ ನಗಾರಿ ಹೊಡೆದ್ರೆ ಜಟ್ಟೆಪ್ಪ ಉಣ್ಣೋಕೆ ಹೋಗೋನು. ಉಂಡು ಒಂದು ಗಂಟೆಗೆ ಬಂದು ಮೂರನ್ನೂ ಬಟ್ಟೆಯಿಂದ ಒರೆಸೋನು. "ಕಣ್ಣವ್ವ, ಊಟ ಆಯ್ತಾ?" ಅಂತ ಮಾತಾಡಿಸೋನು.

ಒಂದು ದಿನ ಕೇದಗೆ ಅತ್ತರಿನ ಭರಣಿ ಮಾಯ ಆಯ್ತು. ಸಿರಿಯವ್ವ ಒಂದೊಂದನ್ನೇ ಕೇಳಿದ್ಳು.

ಬಾಗಿಲು ಹೇಳ್ತು: "ಹನ್ನೆರಡಕ್ಕೆ ಯಾರೋ ಅಂಕಿ ಒತ್ತಿದ್ರು. ಯಾರು ಅಂತ ಕಾಣೆ."

ಹಲಗೆ ಹೇಳ್ತು: "ಹನ್ನೆರಡಕ್ಕೆ ಯಾರೋ ಭರಣಿ ಎತ್ತಿದ್ರು. ಯಾರು ಅಂತ ಕಾಣೆ."

ಕಣ್ಣು ಹೇಳ್ತು: "ಹನ್ನೆರಡಕ್ಕೆ ಜಟ್ಟೆಪ್ಪನ್ನ ಕಂಡೆ. ಆಮೇಲೆ ಬಟ್ಟೆ ಅಡ್ಡ ಬಂತು."

"ಆಗ ನಾನು ಉಣ್ತಿದ್ದೆ, ಅಮ್ಮ. ಒರೆಸಿದ್ದು ಆಮೇಲೆ," ಅಂದ ಜಟ್ಟೆಪ್ಪ.

ತಿಮ್ಮರಸ ನಕ್ಕ. "ಯಂತ್ರಕ್ಕೆ ಹೊಟ್ಟೆಯೇ, ಬಟ್ಟೆಯೇ? ಅದ್ಯಾಕೆ ಸುಳ್ಳು ಹೇಳುತ್ತೆ?"

ಸಿರಿಯವ್ವ ಜಟ್ಟೆಪ್ಪನ್ನ ಕೆಲಸದಿಂದ ಬಿಡಿಸಿದ್ಳು.

ಅವನಿಗೆ ಬೇರೆ ಕಡೆ ಕೆಲಸ ಸಿಗ್ತಿತ್ತು. ಬೇಡ ಅಂದ. ಅವನಿಗೆ ಬೇಕಾಗಿದ್ದು ಆ ಬಾಗಿಲೇ. ಮೊದಲ ದಿನ ಎದುರಿನ ಅರಳಿಮರದ ಕೆಳಗೆ ನಿಂತ. ಬಾಗಿಲು ತೆರೆದಾಗೆಲ್ಲ ಕೈ ತಾನಾಗೇ ಸಲಾಮಿಗೆ ಎದ್ದು, ನಾಚಿ ಕೆಳಗಿಳೀತು. ಎರಡನೇ ದಿನವೂ ನಿಂತ. ಗಾಳಿ ಈ ಕಡೆ ಬೀಸಿ ಮಲ್ಲಿಗೆ ಅತ್ತರಿನ ವಾಸನೆ ಬಂತು. ಗಂಡಸು ಪಾಪ, ಬೀದೀಲೇ ಅತ್ತುಬಿಟ್ಟ. ಒಳಗೆ ಸಿರಿಯವ್ವನಿಗೂ ಸುಖ ಇರ್ಲಿಲ್ಲ. "ಬಂದ್ರಾ ಅಮ್ಮ?" ಅನ್ನೋ ಜಟ್ಟೆಪ್ಪನ ದನಿ ಬಾಗಿಲಲ್ಲಿ ಇಲ್ದೆ ಅವಳಿಗೆ ಮನೆಗೆ ಬಂದ ಹಾಗೇ ಆಗ್ತಿರ್ಲಿಲ್ಲ.

ಮೂರನೇ ದಿನ ನಗಾರಿ ಹೊಡೀತು. ಜಟ್ಟೆಪ್ಪನಿಗೆ ತಡೆಯೋಕಾಗ್ಲಿಲ್ಲ. ಬಾಗಿಲ ಹತ್ರ ಹೋಗಿ, "ಕಣ್ಣವ್ವ, ಊಟ ಆಯ್ತಾ?" ಅಂದ.

"ಗಂಟೆ ಇನ್ನೂ ಹನ್ನೊಂದು. ಈಗೆಂಥ ಊಟ?" ಅಂತು ಕಣ್ಣು.

ಜಟ್ಟೆಪ್ಪನಿಗೆ ಥಟ್ಟನೆ ಹೊಳೀತು. ನೇರ ಯಜಮಾನಿ ಹತ್ರ ಹೋದ. "ಅಮ್ಮ, ನನ್ನ ನಂಬಬೇಡಿ. ನಾಳೆ ನಗಾರಿ ಹೊಡೆದಾಗ ಮೂರನ್ನೂ ಒಟ್ಟಿಗೆ ಗಂಟೆ ಕೇಳಿ, ಸಾಕು."

ಮಾರನೇ ದಿನ ಸಿರಿಯವ್ವ ತಿಮ್ಮರಸನ್ನ ಪಕ್ಕದಲ್ಲೇ ನಿಲ್ಲಿಸ್ಕೊಂಡ್ಳು. "ಈ ಕಣ್ಣು ಕಂಡಿದ್ದು ನಿಜ ತಾನೇ?"

"ನನ್ನಾಣೆಗೂ ನಿಜ, ಅಮ್ಮ."

ನಗಾರಿ ಹೊಡೀತು. "ಗಂಟೆ ಎಷ್ಟು?" ಅಂದ್ಳು.

"ಹನ್ನೆರಡು," ಅಂತು ಬಾಗಿಲು.

"ಹನ್ನೆರಡು," ಅಂತು ಹಲಗೆ.

"ಹನ್ನೊಂದು," ಅಂತು ಕಣ್ಣು.

ತಿಮ್ಮರಸನ ಮುಖ ಇಳೀತು. ಸಿರಿಯವ್ವ ಕಣ್ಣಿನ ಕಡೆ ತಿರುಗಿ, "ಭರಣಿ ಹೋದ ದಿನ, ನಿನ್ನ ಹನ್ನೊಂದಕ್ಕೆ ಯಾರು ಬಂದಿದ್ರು?" ಅಂದ್ಳು.

"ಪಾರುಪತ್ತೇಗಾರ್ರು. ಹೋಗುವಾಗ ಕಂಕುಳಲ್ಲಿ ಭರಣಿ ಇತ್ತು."

ತಿಮ್ಮರಸ ಇನ್ನೇನು ಹೇಳ್ತಾನೆ? ಕಣ್ಣಿನ ಗಡಿಯಾರ ಹಿಂದಕ್ಕೆ ತಿರುವಿದ್ದು ತಾನೇ ಅಂತ ಒಪ್ಕೊಂಡ. ಅವನನ್ನ ರಾಜ್ಯದ ಗಡಿ ದಾಟಿಸಿ ಬಂದ್ರು. ಮೂರು ಕಾವಲಿಗೂ ಒಂದೇ ತಂತಿ ಎಳೆದ್ರು, ಒಂದೇ ಗಡಿಯಾರ ಇಟ್ರು.

ಸಿರಿಯವ್ವ ಅರಳಿಮರದ ತನಕ ತಾನೇ ನಡ್ಕೊಂಡು ಬಂದ್ಳು. "ತಪ್ಪಾಯ್ತು ಜಟ್ಟೆಪ್ಪ. ದಿನಾ ಇಲ್ಲಿ ಯಾಕೆ ನಿಲ್ತಿದ್ದೆ?"

"ನೀವು ಕರೆದಾಗ ದೂರ ಇರಬಾರದು ಅಂತ, ಅಮ್ಮ."

ಅದಕ್ಕೇ ಹೇಳೋದು ಮಕ್ಕಳೇ: ಕಾವಲು ಎಷ್ಟಿದ್ರೂ ಎಲ್ಲವನ್ನೂ ಒಟ್ಟಿಗೆ ಕೂರಿಸಿ ಕೇಳಿ. ಅಲ್ಲೀತನಕ ನಂಬಿಕಸ್ಥನ್ನ ಹೊರಗೆ ಕಳಿಸ್ಬೇಡಿ. ಎಲ್ಲರೂ ಮರದ ಕೆಳಗೆ ಕಾಯ್ತಾ ನಿಲ್ಲಲ್ಲ.