ಗೆಣಸು ಹೇಳಿದ ಸಾಕ್ಷಿ

ಬಿದಿರಮೆಳೆ ಒತ್ತಾಗಿ ಬೆಳೆದಿದ್ದ ಒಂದು ಕಾಡಿನಲ್ಲಿ ಪ್ರಾಣಿಗಳೆಲ್ಲ ಸೇರಿ ಮಳೆಗಾಲಕ್ಕೆಂದು ನವಣೆ ಕೂಡಿಡುತ್ತಿದ್ದವು. ಅದಕ್ಕೊಂದು ಬಿದಿರಿನ ಕಣಜವಿತ್ತು. ಅದರ ಯಜಮಾನಿಕೆ ಮುದುಕ ಕರಡಿಯಪ್ಪನದು.

ಕಣಜದ ಪಕ್ಕದ ಪೊದೆಯಲ್ಲಿ ಚಿಕ್ಕವ್ವ ಅನ್ನೋ ಸುಂಡಿಲಿ ಇದ್ದಳು. ಉದ್ದ ಮೂತಿ, ಚುಕ್ಕಿಯಂಥ ಕಣ್ಣು, ಮೈಯೆಲ್ಲ ಘಾಟು. ಅವಳು ಹೊರಟರೆ ಮರಿಗಳು ಒಂದರ ಬಾಲದ ಬುಡ ಇನ್ನೊಂದು ಕಚ್ಚಿಕೊಂಡು ಸಾಲಾಗಿ ಹಿಂದೆ ಬರುತ್ತಿದ್ದವು. ನೋಡೋಕೆ ಎರಡು ಕಣ್ಣು ಸಾಲದು. ಆದರೆ ಆ ಘಾಟಿಗೆ ಎಲ್ಲರೂ ಮೂಗು ಮುಚ್ಚಿಕೊಂಡು ದೂರ ಸರಿಯುತ್ತಿದ್ದರು.

ಒಂದು ಬೆಳಗ್ಗೆ ನೋಡಿದರೆ ಕಣಜದ ಬುಡ ತೂತು. ನವಣೆ ಅರ್ಧಕ್ಕೆ ಇಳಿದಿತ್ತು. ತೂತಿನ ಸುತ್ತ ಸುಂಡಿಲಿಯ ಗೂಡಿನ ಹುಲ್ಲು, ಅದೇ ಘಾಟು.

ಹೆಗ್ಗಣ ಡೊಳ್ಳಯ್ಯ ಮುಂದೆ ಬಂದ. "ಕದ್ದವರು ಯಾರು ಅಂತ ಮೂಗೇ ಹೇಳ್ತಿದೆಯಲ್ಲ ಕರಡಿಯಪ್ಪ. ಮಳೆ ಬೀಳೋ ಮೊದಲೇ ಕಳ್ಳರನ್ನ ಕಾಡು ಬಿಡಿಸಿ" ಅಂದ.

ಎಲ್ಲರೂ ಹೌದು ಹೌದು ಅಂದರು. ಚಿಕ್ಕವ್ವ ತನ್ನ ಮರಿಗಳ ಕಡೆ ನೋಡಿದಳು. ಮರಿಗಳು ಇನ್ನೂ ಹಾಲು ಕುಡಿಯೋವು, ಬಯಲಲ್ಲಿ ಮಳೆಗೆ ಸಿಕ್ಕರೆ ಉಳಿಯುತ್ತವೆಯೇ? ಆದರೂ ಅವಳು ಅಳಲಿಲ್ಲ, ಬೈಯಲಿಲ್ಲ.

"ಕರಡಿಯಪ್ಪ, ನನ್ನ ವಾಸನೆ ನೋಡಿದಿರಿ. ಹಲ್ಲು ನೋಡಿ. ಇಲಿ, ಹೆಗ್ಗಣ, ನಾನು, ಮೂವರಿಗೂ ಒಂದೊಂದು ಗೆಣಸು ಕೊಡಿ. ಕಚ್ಚಿ ತೋರಿಸ್ತೀವಿ."

ಕರಡಿಯಪ್ಪ ನೆಲ ಕೆದರಿ ಗೆಣಸು ತೆಗೆದುಕೊಟ್ಟ. ಪುಟ್ಟ ಇಲಿ ಕಚ್ಚಿತು, ಉಗುರಲ್ಲಿ ಗೀಚಿದಂಥ ಸಣ್ಣ ಗೀರು ಬಿತ್ತು. ಚಿಕ್ಕವ್ವ ಕಚ್ಚಿದಳು, ಸೂಜಿ ಚುಚ್ಚಿದಂಥ ಚುಕ್ಕಿ ಬಿತ್ತು, ಅಷ್ಟೇ. ಹುಳು ಹಿಡಿದು ತಿನ್ನೋಳ ಹಲ್ಲು ಅದು, ಬಿದಿರು ಕೊರೆಯೋದಲ್ಲ.

ಡೊಳ್ಳಯ್ಯ ಬಲು ಜಾಣ. ಇಲಿಯ ಹಾಗೆ ತುದಿಹಲ್ಲಲ್ಲಿ ಒಂಚೂರು ಕೆರೆದು ಸುಮ್ಮನಾಗೋಣ ಅಂತಿದ್ದ. ಆದರೆ ಗೆಣಸಿನ ಸಿಹಿ ನಾಲಿಗೆಗೆ ತಾಕಿತು ನೋಡಿ, ಜಾಣತನ ಎಲ್ಲಿ ಹೋಯಿತೋ! ಕರಕರ ಅಂತ ಅರ್ಧ ಗೆಣಸು ಖಾಲಿ.

ಕರಡಿಯಪ್ಪ ಉಳಿದರ್ಧವನ್ನು ಕಣಜದ ತೂತಿಗೆ ಹಿಡಿದ. ಎರಡರಲ್ಲೂ ಉಳಿಯಲ್ಲಿ ಕೆತ್ತಿದಂಥ ಅದೇ ಎರಡು ಅಗಲ ಹಲ್ಲಿನ ಗೀರು. ಡೊಳ್ಳಯ್ಯನ ಬಿಲದ ಬಾಯಲ್ಲಿ ಹೊಸ ಮಣ್ಣು ಗುಡ್ಡೆ ಬಿದ್ದಿತ್ತು. ಅಗೆದರೆ ನವಣೆಯೆಲ್ಲ ಅಲ್ಲೇ. ಗೂಡಿನ ಹುಲ್ಲು ಕದ್ದು ತಂದು ತೂತಿನ ಸುತ್ತ ಹರಡಿದ್ದೂ ತಾನೇ ಅಂತ ಅವನು ತಲೆ ತಗ್ಗಿಸಿ ಒಪ್ಪಿಕೊಂಡ.

"ಮಳೆ ಬೀಳೋ ಮೊದಲೇ ಅಂದಿದ್ದೆಯಲ್ಲಪ್ಪ, ಹೊರಡು" ಅಂದ ಕರಡಿಯಪ್ಪ.

ಆ ಮಳೆಗಾಲ ಚಿಕ್ಕವ್ವನ ಗೂಡು ಕಣಜದ ಅಡಿಗೇ ಬಂತು. ನವಣೆಗೆ ಬರೋ ಹುಳುವನ್ನೆಲ್ಲ ಅವಳೇ ಹಿಡಿದಳು. ಮರಿಗಳ ಸಾಲು ಬಂದರೆ ಕರಡಿಯಪ್ಪ ಕಾಲೆತ್ತಿ ದಾರಿ ಬಿಡುತ್ತಿದ್ದ. ಆಮೇಲೆ ಯಾರೂ ಮೂಗು ಮುಚ್ಚಲಿಲ್ಲ.

ನೀತಿ: ರೂಪ, ವಾಸನೆ ನೋಡಿ ಯಾರನ್ನೂ ಕಳ್ಳರೆನ್ನಬಾರದು, ಕಳ್ಳನನ್ನು ಅವನು ಬಿಟ್ಟುಹೋದ ಗುರುತಿನಿಂದಲೇ ಹಿಡಿಯಬೇಕು.