ಕೂಗುಮಡು

ಬಿಳಿಗಲ್ಲಕೇರಿಯ ಕೆಳಗೆ ತುಂಗಭದ್ರೆ ಒಮ್ಮೆ ಬಲಕ್ಕೆ ಹೊರಳುತ್ತದೆ. ಹೊರಳುವ ಜಾಗದಲ್ಲಿ ನೀರು ಕಪ್ಪಗಿದೆ. ಬೇಸಿಗೆಯಲ್ಲಿ ಹೊಳೆಯೆಲ್ಲ ಮರಳು ಬಿಟ್ಟುಕೊಂಡು ಮಲಗಿದಾಗಲೂ ಅಲ್ಲಿ ಬಿದಿರ ಗಳ ಇಳಿಸಿದರೆ ನೆಲ ಸಿಗುವುದಿಲ್ಲ. ಅದಕ್ಕೆ ಕೂಗುಮಡು ಎಂದು ಹೆಸರು. ದಡದ ಮೇಲೆ ಬೆಸ್ತರ ಮೂವತ್ತು ಮನೆ. ಬಾಗಿಲಿಲ್ಲದ ಒಂದು ಗಂಗಮ್ಮನ ಗುಡಿ. ಮಡುವಿನ ಕೆಳತುದಿಯಲ್ಲಿ ದಡದಿಂದ ಹೊಳೆಯೊಳಕ್ಕೆ ಚಾಚಿಕೊಂಡ ಕರಿಬಂಡೆಗೆ ಎಮ್ಮೆಗುಂಡು ಎನ್ನುತ್ತಾರೆ. ಅದರ ಮುಂದೆ ಸುಳಿ. ನೀರು ಮೊರೆಯುವುದರಿಂದ ಮಡುವಿಗೆ ಆ ಹೆಸರು ಬಂತೆಂದು ಹೊಸಬರು ತಿಳಿಯುತ್ತಾರೆ. ಅಲ್ಲ. ಮಳೆಗಾಲ ಬಿಟ್ಟರೆ ಮಡು ಸದ್ದೇ ಮಾಡುವುದಿಲ್ಲ. ಕೂಗಿದ್ದು ಮನುಷ್ಯ.

ಹಿಂದೆ ಒಮ್ಮೆ ಆ ಕೇರಿಯಲ್ಲಿ ನೀರಿನ ಮೇಲೆ ಯಾರೂ ಯಾರ ಹೆಸರನ್ನೂ ಹೇಳುತ್ತಿರಲಿಲ್ಲ. ಎಷ್ಟು ವರ್ಷದ ಹಿಂದೆ ಎಂದು ಕೇಳಿದರೆ ಹೇಳುವವರಿಲ್ಲ. ಆಗ ಹೊಳೆಗೆ ಸೇತುವೆ ಇರಲಿಲ್ಲ, ಹರಿಗೋಲಿಗೆ ಎಮ್ಮೆಯ ತೊಗಲು ಹೊದಿಸುತ್ತಿದ್ದರು. ಹೊಳೆಗೆ ಕಿವಿಯಿದೆ ಎಂದು ಅವರು ನಂಬಿದ್ದರು. ಕೇಳಿದ ಹೆಸರನ್ನು ಅದು ಮರೆಯುವುದಿಲ್ಲ. ಒಂದು ದಿನ ತಾನೇ ಕರೆಯುತ್ತದೆ. ಕರೆಸಿಕೊಂಡವನು ಹೋಗಲೇಬೇಕು. ಅದಕ್ಕೇ ಪಾದ ನೆನೆದದ್ದು ಒಣಗುವ ತನಕ ಅಣ್ಣನಿಗೂ 'ಹೋಯ್', ಮಾವನಿಗೂ 'ಹೋಯ್'. ಅಡ್ಡಹೆಸರೂ ಕೂಡದು. ಮೇಲೂರಿನ ಒಕ್ಕಲು ಮಂದಿ ನಗುತ್ತಿದ್ದರು. ಬಿಳಿಗಲ್ಲಕೇರಿ ಹೆಂಗಸು ದಡದಲ್ಲಿ ನಿಂತು ಒಂದು ಹೋಯ್ ಅಂದರೆ ಹತ್ತು ಗಂಡಸರು ಉಣ್ಣಾಕೆ ಬರ್ತಾರಂತೆ ಎಂದು ಸಂತೆಯಲ್ಲಿ ಹಂಗಿಸುತ್ತಿದ್ದರು. ಬೆಸ್ತರೂ ನಕ್ಕು ಮೀನು ಮಾರಿ ಬರುತ್ತಿದ್ದರು. ಪದ್ಧತಿ ಮಾತ್ರ ಬಿಡಲಿಲ್ಲ.

ಆ ಕೇರಿಯಲ್ಲಿ ಓಬಣ್ಣ ಎಂಬವನಿದ್ದ. ಹೆಂಡತಿ ಸಣ್ಣೀರಿ, ಮೇಲಿನ ಕಡವಿನ ಅಂಬಿಗನ ಮಗಳು. ನಡೆಯುವುದಕ್ಕಿಂತ ಮೊದಲು ಹುಟ್ಟು ಹಿಡಿದವಳು ಎನ್ನುತ್ತಿದ್ದರು. ಮನೆಯಲ್ಲಿ ಇನ್ನೊಬ್ಬಳು ಓಬಣ್ಣನ ತಾಯಿ ದ್ಯಾವಮ್ಮ. ಓಬಣ್ಣ ಮಾತು ಕಡಿಮೆಯವನು. ನೀರಿನ ಮೇಲಿರಲಿ, ಒಲೆಯ ಮುಂದೆ ಕೂಡ ಅವಳ ಹೆಸರು ಹಿಡಿದವನಲ್ಲ. 'ಇವಳೇ' ಎನ್ನುತ್ತಿದ್ದ, ಅಷ್ಟೆ. ನಮ್ಮಪ್ಪ ನನಗೂ ಒಂದು ಹೆಸರಿಟ್ಟಾನೆ, ಕರೆದರೆ ನಾಲಿಗೆ ಏನು ಸುಟ್ಟೋಗಲ್ಲ ಎಂದು ಅವಳು ಬಲೆ ಹೆಣೆಯುತ್ತ ಚುಚ್ಚುವಳು. ಸವೆದುಹೋಗ್ತದೆ ಅಂತ ಎತ್ತಿಟ್ಟೀನಿ ಎನ್ನುವನು. ಮುದುಕಿ ಇಬ್ಬರನ್ನೂ ಬೈಯುವಳು. ಏಳು ವರ್ಷ ಹೀಗೆ ಕಳೆಯಿತು. ಮಕ್ಕಳಾಗಲಿಲ್ಲ. ಅದನ್ನು ಯಾರೂ ಎತ್ತಿ ಆಡಲಿಲ್ಲ.

ಒಂದು ಆಷಾಢದಲ್ಲಿ ಓಬಣ್ಣನಿಗೆ ಚಳಿಜ್ವರ ಬಂತು. ಎಂಟು ದಿನವಾದರೂ ಬಿಡಲಿಲ್ಲ. ಗಂಟಲು ಕಟ್ಟಿತು. ಅದು ಹೊಸನೀರಿನ ಹೊತ್ತು. ಹೊಸನೀರಿಗೆ ಮೀನು ಎದುರು ಏರುತ್ತದೆ, ಬೆಸ್ತರು ವರ್ಷದ ಅನ್ನ ದುಡಿಯುವುದು ಆ ಹದಿನೈದು ದಿನದಲ್ಲಿ. ಓಬಣ್ಣನ ಬಲೆ ಹೊಳೆಯ ನಡುವಿನ ಗಡ್ಡೆಯಲ್ಲಿ ಗೂಟಕ್ಕೆ ಕಟ್ಟಿತ್ತು. ಸಣ್ಣೀರಿ ಒಂದು ಚಳಿಗಾಲ ಒಂದು ಬೇಸಿಗೆ ಕೂತು ಹೆಣೆದ ಬಲೆ. ಅವತ್ತು ಬೆಳಿಗ್ಗೆ ನೀರು ಕೆಂಪಾಗಿ ಕಂಡಿತು. ಮೇಲೆ ಎಲ್ಲೋ ದೊಡ್ಡ ಮಳೆ ಬಿದ್ದಿದೆ ಎಂದು ಅರ್ಥ. ಮಧ್ಯಾಹ್ನದೊಳಗೆ ಗಡ್ಡೆ ಮುಳುಗುತ್ತದೆ, ಬಲೆ ಹೋಗುತ್ತದೆ. ಓಬಣ್ಣ ಜ್ವರದಲ್ಲೇ ಬಲೆ, ಬಲೆ ಎಂದು ಬಡಬಡಿಸಿದ. ಒಂದು ಸಲ ಅಂದು ಸುಮ್ಮನಾಗಲಿಲ್ಲ. ಹತ್ತು ಸಲ ಅಂದ. ಅವಳು ಸೆರಗು ಬಿಗಿದು ಹುಟ್ಟು ತಗೊಂಡಳು. ನಾಲ್ಕು ಹುಟ್ಟಿನ ದಾರಿ, ಗಂಜಿ ಬೇಯೋದ್ರೊಳಗೆ ಬಂದೆ ಎಂದು ಅತ್ತೆಗೆ ಹೇಳಿ ಇಳಿದು ಹೋದಳು. ಅಂಬಿಗನ ಮಗಳಿಗೆ ಹೊಳೆಗೆ ಹೋಗಬೇಡ ಎನ್ನುವವರು ಯಾರು?

ಅವಳು ಗಡ್ಡೆ ಮುಟ್ಟಿದ್ದನ್ನು ನೋಡಿದವರಿದ್ದಾರೆ. ಬಲೆ ಬಿಚ್ಚಿ ಹರಿಗೋಲಿಗೆ ಹಾಕಿದ್ದನ್ನೂ ನೋಡಿದರು. ಆಮೇಲೆ ಮಂಜು ಇಳಿಯಿತು. ಸೋನೆಮಳೆಯೂ ಮಂಜೂ ಕೂಡಿ ಹೊಳೆಯ ಮೇಲೆ ಹೊಗೆಯಂತೆ ಕೂತವು. ಒಂದು ಮಾರು ಆಚೆ ಏನೂ ಕಾಣದು. ದಡದ ಗುರುತಿಗೆ ಬೆಂಕಿ ಹಾಕಲು ಸೌದೆಯೆಲ್ಲ ಹಸಿ. ನೀರು ಏರುವ ಮೊರೆತ ಕಿವಿ ತುಂಬಿತು. ಓಬಣ್ಣ ಕಂಬಳಿ ಹೊದ್ದು ತಾಯಿಯ ಭುಜ ಹಿಡಿದು ಕಡವಿಗೆ ಬಂದ. 'ಹೋಯ್' ಎಂದ. ಆ ಕಡೆಯಿಂದ 'ಹೋಯ್' ಎಂದು ಅವಳ ದನಿ ಬಂತು. ಜೀವ ಬಂದಂತಾಯಿತು. ಆದರೆ ಅದೇ ಹೊತ್ತಿಗೆ ಕೆಳಗೆ ಎಮ್ಮೆಗುಂಡಿನ ಮೇಲಿಂದಲೂ 'ಹೋಯ್' ಎಂದು ಕೂಗು ಎದ್ದಿತು. ಕೇರಿಯ ಮೂವರು ಅಣ್ಣತಮ್ಮಂದಿರು ಅಲ್ಲಿ ನಿಂತು, ಹೊಳೆಗಿಳಿದು ಮಂಜಿನಲ್ಲಿ ಕಾಣದಾದ ಕಿರಿಯ ತಮ್ಮನನ್ನು ಕರೆಯುತ್ತಿದ್ದರು. ಅವರ ಗಂಟಲು ಗಟ್ಟಿ. ಓಬಣ್ಣನದು ಜ್ವರ ತಿಂದ ಗಂಟಲು. ತುಂಬಿದ ಹೊಳೆಯ ಮೇಲೆ, ಮಂಜಿನೊಳಗೆ, ದನಿಗೆ ಮುಖವಿರುವುದಿಲ್ಲ. ಯಾವ ಹೋಯ್ ಯಾರಿಗೆಂದು ಹೇಗೆ ಗೊತ್ತಾಗಬೇಕು? ಅವಳು ಗಟ್ಟಿಯಾದ ಕೂಗಿನ ಕಡೆಗೆ ಹುಟ್ಟು ಹಾಕಿದಳು.

ಓಬಣ್ಣನಿಗೆ ಅದು ಮೂರನೇ ಹೋಯ್‌ಗೆ ಗೊತ್ತಾಯಿತು. ಅವಳ ದನಿ ಹತ್ತಿರ ಬರುತ್ತಿಲ್ಲ. ಕೆಳಕ್ಕೆ ಸರಿಯುತ್ತಿದೆ. ಅಲ್ಲಿ ಸುಳಿ. ಒಬ್ಬ ಹುಡುಗನನ್ನೋ ಹೆಂಗಸನ್ನೋ ಓಡಿಸಿ ಬಂಡೆಯವರ ಬಾಯಿ ಮುಚ್ಚಿಸೋಣವೆಂದರೆ ಅಷ್ಟು ದೂರ ಓಡಿ ಮುಟ್ಟುವ ಹೊತ್ತಿಲ್ಲ. ಅವಳ ಹೆಸರು ಬಾಯಿಯ ತನಕ ಬಂತು. ದ್ಯಾವಮ್ಮ ಅಂಗೈಯಿಂದ ಮಗನ ಬಾಯಿ ಮುಚ್ಚಿದಳು.

"ಬ್ಯಾಡ ಮಗ. ನಿಮ್ಮಪ್ಪನ್ನ ಹೆಸರು ಹಿಡಿದು ಕೂಗಿದೋಳು ನಾನೇ. ಮೂರನೇ ದಿನಕ್ಕೆ ಹೊಳೆ ಕರಕಂಡ್ತು. ಈ ಕೂಸನ್ನ ಕೊಡಬ್ಯಾಡ."

ಸೊಸೆಯ ಮೇಲಿನ ಪ್ರೀತಿಗೇ ಅವಳು ಹಾಗೆ ಮಾಡಿದ್ದು. ಓಬಣ್ಣನೂ ಬೆಸ್ತರ ಹೊಟ್ಟೆಯಲ್ಲಿ ಹುಟ್ಟಿದವನು. ಅವನಿಗೂ ಭಯವಿತ್ತು. ತಾಯಿಯ ಕೈಯನ್ನು ಸರಿಸಬಹುದಿತ್ತು, ಮುದುಕಿಯ ಕೈ ಎಷ್ಟು ಗಟ್ಟಿ? ಸರಿಸಲಿಲ್ಲ. ನಿಂತ. ಇನ್ನೊಂದು ಹೋಯ್ ಕೇಳಿತು, ಇನ್ನೂ ಕೆಳಗಿನಿಂದ. ಇನ್ನೊಂದು. ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ನಿಂತ ಎನ್ನುತ್ತಾರೆ. ಆಮೇಲೆ ಕೈ ಕಿತ್ತು ಎಸೆದ. ಗಂಟಲು ಹರಿಯುವಂತೆ ಕೂಗಿದ.

"ಸಣ್ಣೀರೀ."

ಏಳು ವರ್ಷದಲ್ಲಿ ಮೊದಲ ಸಲ. ಕೇರಿಯವರೆಲ್ಲ ನಿಂತಲ್ಲೇ ನಿಂತರು. ಬಂಡೆಯ ಮೇಲಿನವರೂ ಸುಮ್ಮನಾದರು. ಕೆಳಗಿನಿಂದ ಬರುತ್ತಿದ್ದ ಅವಳ ಹೋಯ್ ನಿಂತಿತು. ಆಮೇಲೆ 'ಬಂದೆ' ಎಂದು ಕೇಳಿತು. ಹುಟ್ಟಿನ ಸದ್ದು ಕಡವಿನತ್ತ ತಿರುಗಿದ್ದನ್ನು ಬಂಡೆಯವರು ಕೇಳಿದರು. ಹತ್ತು ಹುಟ್ಟು, ಹನ್ನೆರಡು ಹುಟ್ಟು ಬಿತ್ತು. ಆದರೆ ಹರಿಗೋಲು ಆಗಲೇ ಸುಳಿಯ ಅಂಚು ದಾಟಿ ಒಳಗೆ ಹೋಗಿತ್ತು. ಹುಟ್ಟಿನ ಸದ್ದು ನಿಂತುಹೋಯಿತು. ಬಲೆ ಮಾರನೆಯ ದಿನ ಬಂಡೆಯ ಕೆಳಗೆ ಸಿಕ್ಕಿತು. ಅದರಲ್ಲಿ ಮೀನಿತ್ತು. ಅವಳು ಸಿಗಲಿಲ್ಲ.

ಹೆಸರು ಕೇಳಿ ಹೊಳೆ ಒಯ್ದಿತು ಎಂದರು ಕೆಲವರು. ದ್ಯಾವಮ್ಮ ಹಾಗೆನ್ನಲಿಲ್ಲ. ತನ್ನ ಅಂಗೈಯನ್ನೇ ನೋಡುತ್ತ ಕೂತಳು. ಓಬಣ್ಣ ದಿನ ಬೆಳಗಾದರೆ ಕಡವಿಗೆ ಬಂದು ಅವಳ ಹೆಸರು ಹಿಡಿದು ಕೂಗಿದ. ಜ್ವರ ಇಳಿಯಿತು, ಕೂಗು ನಿಲ್ಲಲಿಲ್ಲ. ಶ್ರಾವಣ ಕಳೆಯಿತು, ಭಾದ್ರಪದ ಕಳೆಯಿತು. ಕೇರಿಯವರಿಗೆ ದಿಗಿಲು. ಹೊಳೆಯ ಬಾಯಿಗೆ ರುಚಿ ಹತ್ತಿಸುತ್ತಿದ್ದಾನೆ, ಕೇರಿ ಬಿಟ್ಟು ಕಳಿಸಿ ಎಂದರು. ಕೇರಿಯ ಯಜಮಾನ ಅವನನ್ನು ಗುಡಿಯ ಮುಂದೆ ಕೂರಿಸಿ ಕೇಳಿದ, ಯಾಕಪ್ಪ ಹಿಂಗೆ ಮಾಡ್ತೀ ಎಂದು. ಓಬಣ್ಣ ಮಡುವಿನ ಕಡೆ ಕೈ ತೋರಿಸಿದ.

"ಹೆಸರು ಮುಚ್ಚಿಟ್ಟು ಕಳಕಂಡೆ ಯಜಮಾನ. ಕರೆದಾಗ ಅವಳು ತಿರುಗಿದಳು. ನೀವೂ ಕೇಳಿದ್ರಿ."

ಎಲ್ಲರೂ ಕೇಳಿದ್ದರು. ಕೇರಿ ಬಿಡಿಸುವ ಮಾತು ಅಲ್ಲಿಗೆ ನಿಂತಿತು. ಆದರೂ ನೀರಿನ ಮೇಲೆ ಹೆಸರು ಕೂಗಲು ಬೇರೆಯವರು ಬಾಯಿ ಬಿಡಲಿಲ್ಲ. ಬಿಟ್ಟವಳು ದ್ಯಾವಮ್ಮ. ಕಾರ್ತಿಕದ ಒಂದು ಮಂಜಿನ ಬೆಳಿಗ್ಗೆ ನೆರೆಮನೆಯ ಹುಸೇನಪ್ಪ ಗಡ್ಡೆಗೆ ಹೋದವನು ಬರಲು ತಡವಾಯಿತು. ಅವನ ಹೆಂಡತಿ 'ಹೋಯ್, ಹೋಯ್' ಎಂದು ಅಳುತ್ತ ನಿಂತಿದ್ದಳು. ಮುದುಕಿ ಕೋಲೂರಿ ಕಡವಿಗೆ ಇಳಿದಳು. ಮೊಣಕಾಲುದ್ದ ನೀರಿಗೆ ಹೋಗಿ ನಿಂತು ಅವನ ಹೆಸರು ಹಿಡಿದು ಕೂಗಿದಳು. ನಿನ್ನ ಕರೀತಿರೋಳು ದ್ಯಾವಿ, ನನ್ನ ಹೆಸರೂ ಹೊಳೆ ಕೇಳಲಿ ಎಂದಳು. ಅವನು ಬಂದ. ಅವಳು ಮಾತ್ರ ಮನೆಗೆ ಹೋಗಿ ಉಣ್ಣದೆ ಮಲಗಿದಳು. ಯಾರದೋ ಮಗ ಬಂದದ್ದರಿಂದ ಅವಳ ಅಂಗೈ ಹಗುರಾಗಲಿಲ್ಲ. ಆ ಚಳಿಗಾಲ ದಾಟಲಿಲ್ಲ ಎನ್ನುತ್ತಾರೆ. ಓಬಣ್ಣ ಮತ್ತೆ ಮದುವೆಯಾಗಲಿಲ್ಲ. ಕಡವಿನಲ್ಲೇ ಇದ್ದು, ಹೋಗುವವರ ಹೆಸರು ಕೇಳಿಟ್ಟುಕೊಂಡು, ಬರುವ ತನಕ ಕೂಗುತ್ತಿದ್ದ. ಮಡುವಿಗೆ ಆ ಹೆಸರು ನಿಂತಿತು.

ಈಗಲೂ ಹೋದವರು ನೋಡಬಹುದು. ಈಗಿನ ಹರಿಗೋಲಿಗೆ ತೊಗಲಿಲ್ಲ, ಪ್ಲಾಸ್ಟಿಕ್ ಚೀಲ ಹೊಲಿದು ಡಾಂಬರು ಬಳಿಯುತ್ತಾರೆ. ಬೆಳಿಗ್ಗೆ ಗಂಡಸರು ಬರುವ ಹೊತ್ತಿಗೆ ಹೆಂಗಸರು ಬುಟ್ಟಿ ಹಿಡಿದು ಕಡವಿನಲ್ಲಿ ಸಾಲಾಗಿ ನಿಲ್ಲುತ್ತಾರೆ. ಗಂಡನ ಹೆಸರನ್ನು ಮನೆಯಲ್ಲಿ ಹೇಳದವರೂ ಅಲ್ಲಿ ಗಟ್ಟಿಯಾಗಿ ಹೇಳುತ್ತಾರೆ. ನೀರಿನ ಮೇಲಿಂದ ಒಬ್ಬೊಬ್ಬನೂ ತನ್ನ ಹೆಸರಿಗೆ 'ಬಂದೆ' ಎನ್ನುತ್ತಾನೆ. ಕಡೆಯ ಹರಿಗೋಲು ದಡ ಮುಟ್ಟಿದ ಮೇಲೆ, ಹೊಳೆ ಖಾಲಿಯಾದ ಮೇಲೆ, ಅವರಲ್ಲಿ ಹಿರಿಯಳು ಇನ್ನೊಂದು ಹೆಸರು ಕೂಗುತ್ತಾಳೆ. ಸಣ್ಣೀರೀ. ಒಂದು ಉಸಿರಿನಷ್ಟು ಹೊತ್ತು ಎಲ್ಲರೂ ಎಮ್ಮೆಗುಂಡಿನ ಕಡೆ ಮುಖ ಮಾಡಿ ಕಾಯುತ್ತಾರೆ. ಆಮೇಲೆ ಬುಟ್ಟಿ ಎತ್ತಿಕೊಂಡು ಮನೆಗೆ ಹೋಗುತ್ತಾರೆ.