ಇಂಜಿನ್ ದೀಪ ಮತ್ತು ಗೆಳೆಯನ ಕಣ್ಣು

"ಗುರುಗಳೇ, ನಾನು ಇನ್ನು ಯಾರನ್ನು ಬಿಡಬೇಕು?" ಎಂದು ಶಿಷ್ಯ ಕೇಳಿದ. "ಅಣ್ಣನ ಜೊತೆಗಿದ್ದರೆ ಮನಸ್ಸು ಕೆಡುತ್ತದೆ ಎಂದು ಅವನನ್ನು ಬಿಟ್ಟು ಬಂದೆ. ನನ್ನ ಹತ್ತಿರ ಸುಳಿಯಬೇಡ ಎಂದು ಅವನ ಮುಖಕ್ಕೇ ಹೇಳಿ ಬಂದೆ. ಆದರೂ ಧ್ಯಾನಕ್ಕೆ ಕೂತರೆ ಮನಸ್ಸು ಒಂದು ಗಳಿಗೆ ನಿಲ್ಲುವುದಿಲ್ಲ."

ಧ್ಯಾನದ ವಿಷಯ ಕೇಳಿದರೆ ಇವರು ಕಾರಿನ ಕತೆ ಹೇಳುತ್ತಾರಲ್ಲ ಎಂದು ಬೇಸರ ಮಾಡಿಕೊಳ್ಳಬೇಡ ಎಂದು ಗುರುಗಳು ನಕ್ಕು ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ಬಾಡಿಗೆ ಕಾರಿನವನಿದ್ದ. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ತನ್ನದು ಎನ್ನಲು ಅವನಿಗೆ ಇದ್ದದ್ದು ಎರಡೇ. ಒಂದು ಅವನ ಕಾರು, ಇನ್ನೊಂದು ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಪಕ್ಕದಲ್ಲೇ ಗಾಡಿ ನಿಲ್ಲಿಸುತ್ತಿದ್ದ ಒಬ್ಬ ಗೆಳೆಯ. ಬಾಡಿಗೆ ಸಿಗಲಿ ಬಿಡಲಿ, ಇಬ್ಬರೂ ಒಂದೇ ಚಹಾವನ್ನು ಎರಡು ಲೋಟಕ್ಕೆ ಹಂಚಿಕೊಂಡು ಕುಡಿಯುತ್ತಿದ್ದರು. ಊಟ ಆಯಿತಾ ಎಂದು ಅವನನ್ನು ಕೇಳುವವನು ಲೋಕದಲ್ಲಿ ಆ ಗೆಳೆಯ ಒಬ್ಬನೇ.

ಆಯುಧಪೂಜೆ ಬಂತು. ಕಾರಿನವನು ಗಾಡಿ ತೊಳೆದು, ಚೆಂಡುಹೂವಿನ ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣು ಇಟ್ಟು ಅದರ ಮೇಲೆ ಗಾಡಿ ಹಾಯಿಸಿದ. ಗೆಳೆಯ ದೂರದಿಂದ ನೋಡಿ, "ಏನ್ ಕಳೆ ಬಂದೈತಯ್ಯ ನಿನ್ ಗಾಡಿಗೆ! ಇಡೀ ಸ್ಟ್ಯಾಂಡಲ್ಲೇ ಇಂಥದ್ದು ಇನ್ನೊಂದಿಲ್ಲ" ಎಂದ. ಮನಸ್ಸು ತುಂಬಿ ಖುಷಿಯಿಂದಲೇ ಅಂದ.

ಅದೇ ಸಂಜೆ ಸ್ಟೀರಿಂಗ್ ಮುಂದಿನ ಫಲಕದಲ್ಲಿ, ಇಂಜಿನ್ ಚಿತ್ರದ ಹಳದಿ ದೀಪ ಹತ್ತಿಕೊಂಡಿತು. ಬೇರೆ ಯಾರಾದರೂ ಆಗಿದ್ದರೆ ಗ್ಯಾರೇಜಿಗೆ ಹೋಗುತ್ತಿದ್ದರು. ಇವನು ಮಾತ್ರ ಬೆಳಗ್ಗೆಯಿಂದ ಗಾಡಿಯನ್ನು ಯಾರು ಯಾರು ನೋಡಿದರು ಎಂದು ಲೆಕ್ಕ ಹಾಕುತ್ತಾ ಕೂತ. ಯಾರೋ ಕಣ್ಣು ಹಾಕಿದ್ದಾರೆ ಎನ್ನುವುದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ.

ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ. ಆ ಕಣ್ಣು, ಈ ಕಣ್ಣು, ನಾಯಿ ಕಣ್ಣು, ನರಿ ಕಣ್ಣು ಎಂದು ಹೇಳಿ ಬೂದುಗುಂಬಳ ಒಡೆದ. ದೀಪ ಆರಲಿಲ್ಲ. ಅದರ ಮೇಲೆ ಪೆಟ್ರೋಲ್ ಬೇರೆ ನಿಲ್ಲದಾಯಿತು. ಬೆಟ್ಟಕ್ಕೆ ಹೋಗಿ ಬರಲು ಸಾಕಾಗುತ್ತಿದ್ದ ಪೆಟ್ರೋಲು ಈಗ ಬೆಟ್ಟ ಹತ್ತುವುದರೊಳಗೆ ಖಾಲಿ. ಬಂಕ್ ಬದಲಾಯಿಸಿದ, ಏಸಿ ಹಾಕುವುದು ಬಿಟ್ಟ, ಡಿಕ್ಕಿಯಲ್ಲಿದ್ದ ಭಾರವೆಲ್ಲ ಇಳಿಸಿದ. ಏನೂ ಉಪಯೋಗವಾಗಲಿಲ್ಲ. ಕೊನೆಗೆ ಆ ಹಬ್ಬದ ದಿನ ಗಾಡಿಯನ್ನು ಬಾಯಿತುಂಬಾ ಹೊಗಳಿದವನು ಒಬ್ಬನೇ ಎಂಬುದು ಅವನ ನೆನಪಿಗೆ ಬಂತು.

ಒಂದು ದಿನ ಗೆಳೆಯ ಎಂದಿನಂತೆ ಎರಡು ಲೋಟ ಹಿಡಿದು ಬಂದ. ಇವನು ಲೋಟ ತೆಗೆದುಕೊಳ್ಳಲಿಲ್ಲ. "ನೀನು ನನ್ ಗಾಡಿ ಕಡೆ ನೋಡ್ಬೇಡ ಮಾರಾಯ. ನಿನ್ ಕಣ್ಣು ಬಿದ್ದಾಗಿಂದ ಇದಕ್ಕೆ ಏಳಿಗೆ ಇಲ್ಲ" ಎಂದ. ಸುತ್ತ ನಿಂತಿದ್ದವರೆಲ್ಲ ಕೇಳಿಸಿಕೊಂಡರು. ಗೆಳೆಯ ಎರಡು ಲೋಟವನ್ನೂ ಹಾಗೇ ಹಿಡಿದುಕೊಂಡು ವಾಪಸ್ಸು ಹೋದ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅಂತಾರಲ್ಲ, ಹಾಗಾಯಿತು. ಮಾತಿಗೆ ಕಾಲಿಲ್ಲದಿದ್ದರೂ ಊರು ಸುತ್ತುತ್ತದೆ. ಆಮೇಲೆ ಗೆಳೆಯ ಬಂದರೆ ಸ್ಟ್ಯಾಂಡಿನವರು ತಮ್ಮ ಗಾಡಿಯ ಬಾನೆಟ್ಟಿಗೆ ಬಟ್ಟೆ ಮುಚ್ಚುತ್ತಿದ್ದರು. ಕೆಲವರು ತಮಾಷೆಗೆ ಮುಚ್ಚಿದರು, ಕೆಲವರು ನಿಜವಾಗಿಯೇ ಹೆದರಿ ಮುಚ್ಚಿದರು. ಗೆಳೆಯ ಸ್ವಲ್ಪ ದಿನ ತಡೆದುಕೊಂಡು, ಆಮೇಲೆ ಗಾಡಿ ಮಾರಿ ಊರು ಬಿಟ್ಟ.

ಕಾರಿನವನ ಲೆಕ್ಕದಲ್ಲಿ ಈಗ ದೀಪ ಆರಬೇಕಿತ್ತು. ಆರಲಿಲ್ಲ. ಗಾಡಿ ಪೆಟ್ರೋಲ್ ಇನ್ನೂ ಹೆಚ್ಚು ಕುಡಿಯತೊಡಗಿತು. ಸ್ಟ್ಯಾಂಡಿನಲ್ಲಿ ಪಕ್ಕದ ಜಾಗ ಖಾಲಿ. ಗಾಡಿ ಹತ್ತಿದವರು ಹಿಂದೆ ಕೂತು ಫೋನಿನಲ್ಲಿ ಮಾತಾಡಿಕೊಂಡು ಇಳಿದು ಹೋಗುತ್ತಿದ್ದರು. ಇಡೀ ದಿನ ಅವನು ಬಾಯಿ ಬಿಟ್ಟು ಆಡುತ್ತಿದ್ದದ್ದು ಎಲ್ಲಿಗೆ ಹೋಗಬೇಕು ಎಂಬ ಒಂದು ಮಾತು. ಅರ್ಧ ಲೋಟ ಚಹಾ ಕುಡಿದು ಅಭ್ಯಾಸವಾಗಿದ್ದವನಿಗೆ ಪೂರ್ತಿ ಲೋಟ ಮುಗಿಯದೆ ಅರ್ಧ ಚೆಲ್ಲಬೇಕಾಗುತ್ತಿತ್ತು. ಅವನಿಗೆ ಒಂಟಿತನ ಎಂದರೇನು ಎಂದು ಹೆಂಡತಿ ಸತ್ತಾಗಲೂ ಇಷ್ಟು ಗೊತ್ತಾಗಿರಲಿಲ್ಲ.

ಒಮ್ಮೆ ಏರಿನಲ್ಲಿ ಗಾಡಿ ಕಪ್ಪು ಹೊಗೆ ಕಾರಿ ನಿಂತೇಬಿಟ್ಟಿತು. ಎಳೆಸಿಕೊಂಡು ಗ್ಯಾರೇಜಿಗೆ ಹೋದ. ಅಲ್ಲಿಯ ಮೆಕ್ಯಾನಿಕ್ ಒಂದು ಯಂತ್ರ ಚುಚ್ಚಿ ನೋಡಿ ಹೇಳಿದ. ಹೊಗೆ ಹೋಗುವ ಕೊಳವೆಯಲ್ಲಿ ಒಂದು ಸೆನ್ಸರ್ ಇರುತ್ತದಂತೆ. ಪೆಟ್ರೋಲ್ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಇಂಜಿನ್ನಿಗೆ ತಿಳಿಸುವುದೇ ಅದರ ಕೆಲಸ. ಅದು ಕೆಟ್ಟು ಹೋಗಿದೆ, ಸಾಕು ಎನ್ನುವವರಿಲ್ಲದೆ ಇಂಜಿನ್ ಸುಮ್ಮನೆ ಸುರಿದುಕೊಳ್ಳುತ್ತಿದೆ ಎಂದ. ಚಹಾ ಕುಡಿದು ಬರುವಷ್ಟರಲ್ಲಿ ಹೊಸದು ಹಾಕಿಯಾಗಿತ್ತು. ದೀಪ ಆರಿತ್ತು.

ದೀಪ ಆರಿದ್ದನ್ನು ಕಂಡು ಅವನಿಗೆ ಅಳು ಬಂತು. ಅಲ್ಲಿಂದ ನೇರವಾಗಿ ಗೆಳೆಯನನ್ನು ಹುಡುಕಿಕೊಂಡು ಹೊರಟ. ಕೇಳುತ್ತಾ ಕೇಳುತ್ತಾ ಪಕ್ಕದ ತಾಲ್ಲೂಕಿನ ಒಂದು ಗೋದಾಮಿಗೆ ಬಂದ. ಗೆಳೆಯ ಅಲ್ಲಿ ಕಾವಲುಗಾರನಾಗಿದ್ದ. ಇವನ ಗಾಡಿ ಕಂಡವನೇ ಎದ್ದು ನಿಂತು ಗೋಡೆಯ ಕಡೆ ತಿರುಗಿಕೊಂಡ.

"ಯಾಕೋ, ನನ್ ಮೇಲೆ ಇನ್ನೂ ಸಿಟ್ಟಾ?" ಎಂದು ಕಾರಿನವನು ಕೇಳಿದ.

"ಸಿಟ್ಟೆಲ್ಲಿ ಬಂತಪ್ಪ. ನನ್ ಕಣ್ಣು ಒಳ್ಳೇದಲ್ಲ. ನೀನು ಹೇಳೋ ತನಕ ನಂಗೂ ಗೊತ್ತಿರಲಿಲ್ಲ" ಎಂದ ಗೆಳೆಯ. "ಮಗಳಿಗೆ ಗಂಡುಕೂಸು ಹುಟ್ಟೈತೆ. ಇನ್ನೂ ನೋಡೋಕೆ ಹೋಗಿಲ್ಲ. ಕೂಸಿಗೆ ಏನಾದ್ರೂ ಆದ್ರೆ?"

ಅಷ್ಟು ಹೇಳಿ ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

"ಆಗ ಕಾರಿನವನು ಅವನಿಗೆ ಏನೆಂದ ಗುರುಗಳೇ?"

"ನಿನ್ನಣ್ಣನ ಮುಂದೆ ಹೋಗಿ ನಿಂತು ಬಾ, ಏನೆಂದ ಎಂಬುದನ್ನು ಆಮೇಲೆ ನೀನೇ ನನಗೆ ಹೇಳುವೆಯಂತೆ."